ಗಾಜಿನ ಚಾವಣಿಯ ಹನ್ನೊಂದು ಕಾರುಗಳಿಗೆ ಏನು ಕಾಯಿಲೆ?

ವಾಹನ ಮಾರಾಟ ನಿಯಂತ್ರಣಾಧಿಕಾರಿಗಳಿಗೆ

ಮಾನ್ಯರೇ,

ಈ ಸಂಬೋಧನೆಯನ್ನು ನಿಮಗೆ ಮೂರನೆಯ ಸಲ ಬಳಸುತ್ತಿದ್ದೇನೆ. ಮೊದಲೆರಡು ಸಲ ಅದು ಲಕೋಟೆಯೊಳಗಿತ್ತು. ಲಕೋಟೆಯೊಳಗಿನ ಮಾತು ನಿಮ್ಮ ಕಚೇರಿಯ ಹೊಸ್ತಿಲು ದಾಟಿ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ನನಗೆ ಬಲವಾದ ಗುಮಾನಿ ಹುಟ್ಟಿರುವುದರಿಂದ ಈ ಸಲ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ವಿಷಯ ಇಷ್ಟು. ನಮ್ಮ ಊರಿನ ಶೋರೂಮಿನಲ್ಲಿ ಕ್ರಾಸ್‌ಓವರ್ ಎಸ್‌ಯುವಿಯ ಟರ್ಬೊ ಎಂಜಿನ್ನಿನ ಟಾಪ್ ಮಾಡೆಲ್ ಏಳು ತಿಂಗಳಿಂದ ‘ಸ್ಟಾಕ್ ಇಲ್ಲ’. ಅದೇ ಶೋರೂಮಿನ ಹಿಂದಿನ ಯಾರ್ಡಿನಲ್ಲಿ ಅದೇ ಟಾಪ್ ಮಾಡೆಲ್ಲಿನ ಹನ್ನೊಂದು ಕಾರುಗಳು ಬಿಸಿಲು ಕಾಯಿಸಿಕೊಳ್ಳುತ್ತ ನಿಂತಿದ್ದವು. ಈಗ ಹತ್ತಿವೆ; ಹನ್ನೊಂದನೆಯದು ಎಲ್ಲಿದೆ ಎಂಬುದನ್ನು ಮುಂದೆ ನಾನೇ ಹೇಳುತ್ತೇನೆ. ನಿಮ್ಮ ದಾಸ್ತಾನು ದಾಖಲೆಯ ಪ್ರಕಾರ ಅವು ಯಾವತ್ತೂ ಅಲ್ಲಿರಲಿಲ್ಲ. ನನ್ನ ಕಣ್ಣಿನ ಪ್ರಕಾರ ಇದ್ದವು. ಇಬ್ಬರಲ್ಲಿ ಒಬ್ಬರು ಕನ್ನಡಕ ಬದಲಾಯಿಸಬೇಕು. ನಾನು ಹೋದ ತಿಂಗಳಷ್ಟೇ ಬದಲಾಯಿಸಿಕೊಂಡಿದ್ದೇನೆ.

ಟಾಪ್ ಮಾಡೆಲ್ ಕಾರು ಸಿಗಲಿಲ್ಲವೆಂದು ಗೋಳಾಡುವವನ ಕಣ್ಣೀರು ಒರೆಸಲು ಒಂದು ಕಚೇರಿ ಬೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವರ್ಷದ ಹಿಂದೆ ನಾನೂ ಅದನ್ನೇ ಕೇಳಿ ಪುಟ ಮಗುಚುತ್ತಿದ್ದೆ. ನಾನು ಜೀವಮಾನದಲ್ಲಿ ಕೊಂಡ ವಾಹನಗಳೆಂದರೆ ಎರಡು ಸೈಕಲ್, ಒಂದು ಸ್ಕೂಟರ್. ಕಾರಿಗೆ ಗಾಜಿನ ಚಾವಣಿ ಯಾಕೆ ಬೇಕು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ತಲೆಯ ಮೇಲೆ ನೆರಳಿರಲಿ ಎಂದಲ್ಲವೇ ಮನುಷ್ಯ ಚಾವಣಿ ಕಂಡುಹಿಡಿದದ್ದು? ಆದರೆ ನಮ್ಮ ಮನೆಯಲ್ಲಿ ಒಂದು ಕಾಲು ಮುರಿಯಿತು. ಅಲ್ಲಿಂದ ನನ್ನ ವಾಹನಜ್ಞಾನ ಬೆಳೆಯಿತು.

ನನ್ನ ಮಗಳು ಪಶುವೈದ್ಯೆ. ಗುಡ್ಡದ ಮೇಲಿನ ಹದಿನೇಳು ಊರುಗಳ ದನ, ಎಮ್ಮೆ, ಕುರಿ, ಜೊತೆಗೆ ಒಂದು ಕುರುಡು ಕುದುರೆ, ಎಲ್ಲ ಅವಳ ಪಾಲಿಗೆ. ಕಳೆದ ಚಳಿಗಾಲದಲ್ಲಿ ಹೊಟ್ಟೆಯಲ್ಲಿ ಕರು ಅಡ್ಡವಾಗಿದ್ದ ಹಸುವೊಂದರ ಹಿಂದೆ ಕೂತಿದ್ದಾಗ ಅದು ಒದ್ದ ಒದೆಗೆ ಅವಳ ಎಡಗಾಲಿನ ಹರಡಿನ ಕೀಲು ಪುಡಿಯಾಯಿತು. ಕರು ಬದುಕಿತು, ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದೂ ಅದನ್ನೇ. ಮೂಳೆ ವೈದ್ಯರು ಕೀಲನ್ನು ಬೆಸೆದು ಕೂರಿಸಿದ್ದಾರೆ. ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ, ನನಗಿಂತ ಬೇಗ ಹತ್ತುತ್ತಾಳೆ. ಆದರೆ ಪಾದ ಮಡಿಯುವುದಿಲ್ಲ. ಕ್ಲಚ್ ತುಳಿಯುವುದು ಇನ್ನು ಈ ಜನ್ಮದಲ್ಲಿಲ್ಲ.

ಅವಳ ಇಲಾಖೆಯವರು ಉದಾರಿಗಳು. ಆರು ತಿಂಗಳ ಮಟ್ಟಿಗೆ ಒಬ್ಬ ಚಾಲಕನನ್ನು ಕೊಟ್ಟರು. ಜೊತೆಗೆ ಒಂದು ಆದೇಶವನ್ನೂ ಕೊಟ್ಟರು: ಅಕ್ಟೋಬರ್ ಮೂವತ್ತೊಂದರೊಳಗೆ ತಾನೇ ಓಡಿಸುವ ವಾಹನದಲ್ಲಿ ಕೆಲಸಕ್ಕೆ ಹಾಜರಾಗದಿದ್ದರೆ ಗುಡ್ಡದ ಹುದ್ದೆ ರದ್ದು, ಅವಳಿಗೆ ಪಟ್ಟಣದ ಪ್ರಯೋಗಾಲಯದಲ್ಲಿ ಒಂದು ಕುರ್ಚಿ.

“ಕುರ್ಚಿ ಒಳ್ಳೇದಲ್ವೇನೇ? ಕಾಲಿಗೂ ಆರಾಮ” ಅಂದಳು ನನ್ನ ಹೆಂಡತಿ.

“ಅಮ್ಮಾ, ಅಲ್ಲಿಗೆ ಸೀಸೆಯಲ್ಲಿ ರಕ್ತ ಬರುತ್ತೆ. ಅದಕ್ಕೆ ಬಾಲ ಇರಲ್ಲ, ಕಿವಿ ಇರಲ್ಲ. ಅದರ ಹತ್ರ ನಾನೇನು ಮಾತಾಡ್ಲಿ?” ಅಂದಳು ಮಗಳು.

ಹುದ್ದೆ ರದ್ದಾದರೆ ಗುಡ್ಡಕ್ಕೆ ಬೇರೆ ವೈದ್ಯರು ಬರುವುದಿಲ್ಲ. ಹದಿನೇಳು ಊರಿನವರು ಕಾಯಿಲೆಯ ಎಮ್ಮೆಯನ್ನು ಪಟ್ಟಣಕ್ಕೆ ಹೊಡೆದುಕೊಂಡು ಬರಬೇಕು. ಬರುವಷ್ಟು ಶಕ್ತಿಯಿರುವ ಎಮ್ಮೆಗೆ ವೈದ್ಯರೇ ಬೇಕಾಗುವುದಿಲ್ಲ.

ಹಾಗಾದರೆ ಕ್ಲಚ್ ಇಲ್ಲದ ಯಾವುದಾದರೂ ಸಣ್ಣ ಆಟೋಮ್ಯಾಟಿಕ್ ಸಾಲದೆ? ನಾನೂ ಹಾಗೇ ಅಂದುಕೊಂಡೆ. ಅಣ್ಣನ ಮಗನ ಪುಟ್ಟ ಕಾರನ್ನು ಎರವಲು ತಂದು, ಔಷಧಿ ಪೆಟ್ಟಿಗೆ, ಮಂಜುಗಡ್ಡೆಯ ಡಬ್ಬ, ಕರು ಎಳೆಯುವ ಹಗ್ಗ, ಹಿಂದಿನ ಸೀಟಿನಲ್ಲಿ ನನ್ನನ್ನು, ಎಲ್ಲ ತುಂಬಿಕೊಂಡು ಒಂದು ಭಾನುವಾರ ಗುಡ್ಡ ಹತ್ತಿದೆವು. ಎರಡು ತಿರುವಿನೊಳಗೆ ಕಾರಿನ ಹೊಟ್ಟೆ ಎರಡು ಸಲ ಕಲ್ಲಿಗೆ ಉಜ್ಜಿತು. ಮೂರನೆಯ ತಿರುವಿನಲ್ಲಿ ಎಂಜಿನ್ ಅರಚತೊಡಗಿತು, ಕಾರು ಮಾತ್ರ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

“ಅಪ್ಪಾ, ಇಳಿದು ಚಕ್ರಕ್ಕೆ ಕಲ್ಲು ಕೊಡ್ತೀಯಾ, ಇಲ್ಲಾ ಅಲ್ಲೇ ಕೂತು ರಸ್ತೆ ಮಾಡಿದವರನ್ನ ಬೈತಿರ್ತೀಯಾ?”

ಇಳಿದು ಕಲ್ಲು ಕೊಟ್ಟೆ. ಅಂದಿಗೆ ಸ್ಪಷ್ಟವಾಯಿತು: ಕಾರು ನೆಲದಿಂದ ಎತ್ತರಕ್ಕಿರಬೇಕು, ಏರಿಗೆ ದಮ್ಮಿರುವ ಟರ್ಬೊ ಎಂಜಿನ್ ಬೇಕು, ಕ್ಲಚ್ ಇರಕೂಡದು. ಮೂರೂ ಒಟ್ಟಿಗೆ ಇರುವುದು ನಮ್ಮ ಕೈಗೆಟಕುವ ಒಂದೇ ಕಾರಿನಲ್ಲಿ, ಅದರಲ್ಲೂ ಟಾಪ್ ಮಾಡೆಲ್ಲಿನಲ್ಲಿ ಮಾತ್ರ. ಕೆಳಗಿನ ಮಾಡೆಲ್ಲುಗಳಿಗೆ ಟರ್ಬೊ ಇಲ್ಲ, ಆಟೋಮ್ಯಾಟಿಕ್ಕೂ ಇಲ್ಲ. ಟಾಪ್ ಮಾಡೆಲ್ ಬೇಕೆಂದವರು ಗಾಜಿನ ಚಾವಣಿಯನ್ನೂ ಕೊಳ್ಳಲೇಬೇಕು. ಕಾಲಿಗೆ ಬೇಕಾದ್ದನ್ನು ತಲೆಯ ಮೇಲಿನ ಗಾಜಿಗೆ ಕಟ್ಟಿ ಮಾರುವ ಜಾಣತನ ಯಾರದೋ ತಿಳಿಯದು. ಅದರ ಬಗ್ಗೆ ನನ್ನ ದೂರಿಲ್ಲ. ಆ ಗಾಜೇ ಆಮೇಲೆ ನನಗೆ ಉಪಕಾರ ಮಾಡಿತು.

ಮಾರ್ಚ್ ತಿಂಗಳಲ್ಲಿ ಬುಕ್ ಮಾಡಲು ಹೋದೆವು. ಶೋರೂಮಿನ ಮ್ಯಾನೇಜರ್ ಎದ್ದು ನಿಂತೇ ಮಾತಾಡಿಸಿದರು.

“ಬೇಸ್ ಮಾಡೆಲ್ ಆದ್ರೆ ಇವತ್ತು ಸಾಯಂಕಾಲಾನೇ ತಗೊಂಡು ಹೋಗಿ ಸಾರ್. ಬಿಳಿ, ಬೂದಿ, ಕೆಂಪು, ಯಾವ ಕಲರ್ ಬೇಕು?”

“ಅದರಲ್ಲಿ ಕ್ಲಚ್ ಇದೆಯಲ್ಲ.”

“ಅಭ್ಯಾಸ ಆಗುತ್ತೆ ಸಾರ್.”

ಮಗಳು ಎಡಗಾಲನ್ನು ಮುಂದೆ ಚಾಚಿ ತೋರಿಸಿದಳು. ಅವರು ಕಾಲನ್ನು ನೋಡಿದರು, ಆಮೇಲೆ ಕಂಪ್ಯೂಟರನ್ನು ನೋಡಿದರು. “ಟಾಪ್ ಮಾಡೆಲ್ ಕಂಪನಿಯಿಂದಾನೇ ಬರ್ತಿಲ್ಲ ಮೇಡಂ. ಚಿಪ್ ಶಾರ್ಟೇಜ್” ಅಂದರು. ಜೂನಿನಲ್ಲಿ ಚಿಪ್ ಬಂದಿತ್ತಂತೆ, ಹಡಗು ಬಂದಿರಲಿಲ್ಲ. ಜುಲೈನಲ್ಲಿ ಹಡಗು ಬಂದಿತ್ತು, ಗಾಜು ಬಂದಿರಲಿಲ್ಲ. ಆಗಸ್ಟಿನಲ್ಲಿ ಎಲ್ಲ ಬಂದಿತ್ತು, ಲಾರಿ ಚಾಲಕರು ಮುಷ್ಕರ ಹೂಡಿದ್ದರು. ಆ ತಿಂಗಳು ಯಾವ ಪತ್ರಿಕೆಯಲ್ಲೂ ಅಂಥ ಮುಷ್ಕರದ ಸುದ್ದಿ ಇರಲಿಲ್ಲ. ನಾನು ಪತ್ರಿಕೆಯನ್ನು ಜಾಹೀರಾತು, ಟೆಂಡರ್ ಪ್ರಕಟಣೆ ಸಮೇತ ಓದುವವನು. ಲಾರಿ ಚಾಲಕರು ಗುಟ್ಟಾಗಿ ಮುಷ್ಕರ ಮಾಡುವುದನ್ನು ಕೇಳಿದ್ದು ಇದೇ ಮೊದಲು.

ಸರದಿಯಲ್ಲಿ ನನ್ನ ನಂಬರು ಹದಿನಾರು. ಮಾರ್ಚಿನಲ್ಲಿ ಹದಿನಾರು, ಸೆಪ್ಟೆಂಬರಿನಲ್ಲೂ ಹದಿನಾರು. ಹದಿನೈದನೆಯವರು ಯಾರೆಂದು ನಿಮಗೆ ಬರೆದ ಮೊದಲ ದೂರಿನ ನಕಲು ಮಾಡಿಸುವಾಗ ಗೊತ್ತಾಯಿತು. ಶೋರೂಮಿನ ಎದುರಿಗಿರುವ ಜೆರಾಕ್ಸ್ ಅಂಗಡಿಯ ಯಜಮಾನಿ ಅವರು. ನಕಲು ಮಾಡುವ ಕಾಗದವನ್ನೆಲ್ಲ ಓದುವುದು ಅವರ ಅಭ್ಯಾಸ, ಅದನ್ನು ಮುಚ್ಚಿಡುವ ಅಭ್ಯಾಸವಿಲ್ಲ.

“ಓ, ಹದಿನಾರು ನೀವಾ ಅಂಕಲ್? ಹದಿನೈದು ನಾನು. ಈ ಜನ್ಮದಲ್ಲಿ ನಿಮಗಿಂತ ಮುಂದಿರೋದು ಇದೊಂದರಲ್ಲೇ ಇರಬೇಕು.”

“ನಿಮಗೇನಮ್ಮ ಅಷ್ಟು ಅವಸರ?” ಎಂದು ಕೇಳಿದೆ. ನನ್ನ ಮಗಳ ಕಾಲಿನ ಕಥೆ ಹೇಳಿದ ಮೇಲೆ ಕೇಳಿದ ಪ್ರಶ್ನೆ ಅದು. ಅದರಲ್ಲಿ ಸ್ವಲ್ಪ ಜಂಬವಿತ್ತು.

“ಅವಸರ ಏನಿಲ್ಲ, ಆಸೆ. ಬೆಳಿಗ್ಗೆಯಿಂದ ಸಂಜೆವರೆಗೂ ಈ ಮೆಷಿನ್ ಬೆಳಕು ನೋಡಿ ನೋಡಿ ಸಾಕಾಗಿದೆ. ತಲೆ ಮೇಲೆ ಆಕಾಶ ಇಟ್ಕೊಂಡು ಒಂದಿಷ್ಟು ದೂರ ಹೋಗ್ಬೇಕು, ಅಷ್ಟೇ.”

ಆಮೇಲೆ ಯೋಚಿಸಿದೆ. ಅಷ್ಟೇ ಅಂದರೆ ಸಾಲದೆ? ಸರದಿ ಎಂಬುದು ಆಸ್ಪತ್ರೆಯಲ್ಲ, ಅಲ್ಲಿ ನಿಲ್ಲಲು ಗಾಯ ತೋರಿಸಬೇಕಾಗಿಲ್ಲ. ಮೊದಲು ಬಂದವರು ಮೊದಲು, ಅಷ್ಟೇ ಅದರ ಶಾಸ್ತ್ರ. ಮನುಷ್ಯ ಮಾಡಿಕೊಂಡ ಕಾನೂನುಗಳಲ್ಲಿ ಓದಲು ಬಾರದವನಿಗೂ ಅರ್ಥವಾಗುವುದು ಇದೊಂದೇ.

ನನಗೆ ಕಾಯುವುದು ಹೊಸದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಟೆಲಿಫೋನಿಗಾಗಿ ಒಂಬತ್ತು ವರ್ಷ ಕಾದ ಮನೆ ನಮ್ಮದು. ಅದು ಬಂದ ದಿನ ಯಾವ ಸೋದರತ್ತೆಯ ದನಿ ಕೇಳಬೇಕೆಂದು ನಮ್ಮಪ್ಪ ಅರ್ಜಿ ಹಾಕಿದ್ದರೋ ಆ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಸ್ಕೂಟರಿಗೆ ನಾಲ್ಕು ವರ್ಷ ಕಾದಿದ್ದೇನೆ. ಆದರೆ ಅಂದಿನ ಕೊರತೆಯಲ್ಲಿ ಒಂದು ಮರ್ಯಾದೆ ಇತ್ತು: ಇಲ್ಲದ್ದನ್ನು ಇಲ್ಲ ಅನ್ನುತ್ತಿದ್ದರು. ಇರುವುದನ್ನು ಇಲ್ಲ ಅನ್ನುವುದಕ್ಕೆ ಹೊಸ ತಂತ್ರಜ್ಞಾನ ಬೇಕಾಯಿತು.

ಇನ್ನು ನನಗೆ ಇದೆಲ್ಲ ಹೇಗೆ ತಿಳಿಯಿತು ಎಂಬ ವಿಚಾರ. ನಾನು ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನಂಬರು ಬರೆದವನು. ಮುಂಜಾನೆ ಹಳಿಗಳ ನಡುವೆ ನಡೆದು, ನಿಂತಿರುವ ಪ್ರತಿ ವ್ಯಾಗನ್ನಿನ ನಂಬರನ್ನು ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ನನ್ನ ಪುಸ್ತಕದಲ್ಲಿಲ್ಲದ ವ್ಯಾಗನ್ ಹಳಿಯ ಮೇಲಿದ್ದರೂ ಇಲ್ಲದ ಹಾಗೆ. ಯಾರ್ಡಿನಲ್ಲಿ ನನ್ನನ್ನು ನಂಬರಪ್ಪ ಎಂದೇ ಕರೆಯುತ್ತಿದ್ದರು. ಬೀದಿಯಲ್ಲಿ ಈಗಲೂ ಹಾಗೇ ಕರೆಯುತ್ತಾರೆ. ಅದೇ ಹಳಿಗಳ ಮೇಲಿನ ಕಾಲುಸೇತುವೆಯ ಮೇಲೆ ನಾನು ದಿನವೂ ಬೆಳಿಗ್ಗೆ ಏಳಕ್ಕೆ ವಾಕಿಂಗ್ ಹೋಗುತ್ತೇನೆ. ಸೇತುವೆಯ ಬಲಬದಿಗೆ ನೋಡಿದರೆ ಕೆಳಗೆ ಶೋರೂಮಿನ ಯಾರ್ಡು.

ಕಾರನ್ನು ಎದುರಿನಿಂದ ನೋಡಿದರೆ ಬೇಸ್ ಮಾಡೆಲ್ಲೂ ಟಾಪ್ ಮಾಡೆಲ್ಲೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮೇಲಿನಿಂದ ನೋಡಿದರೆ ಗುಟ್ಟೇ ಇಲ್ಲ. ಬೇಸ್ ಮಾಡೆಲ್ಲಿನ ನೆತ್ತಿ ತಗಡು, ಟಾಪ್ ಮಾಡೆಲ್ಲಿನ ನೆತ್ತಿ ಗಾಜು. ಜುಲೈ ಇಪ್ಪತ್ತೆಂಟರ ಬೆಳಿಗ್ಗೆ ಆ ಗಾಜುಗಳು ಸೂರ್ಯನನ್ನು ನನ್ನ ಕಣ್ಣಿಗೆ ಹೊಡೆದವು. ಎಣಿಸಿದೆ. ಹನ್ನೊಂದು. ಪ್ರತಿ ಕಾರಿನ ಮುಂಗಾಜಿನ ಮೇಲೆ ಯಾರ್ಡಿನವರು ಗುರುತಿಗೆಂದು ಕಾರಿನ ಚಾಸಿ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಬಿಳಿ ಬಣ್ಣದಲ್ಲಿ ದಪ್ಪಕ್ಕೆ ಬರೆದಿರುತ್ತಾರೆ. ನಂಬರು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಂದಿನಿಂದ ದಿನವೂ ಬರೆದಿದ್ದೇನೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಒಂಬತ್ತು ಗಾಜಿನ ನೆತ್ತಿಗಳು ಯಾರ್ಡು ಬಿಟ್ಟು ಹೋದವು, ಹೊಸವು ಬಂದು ಆ ಜಾಗ ತುಂಬಿದವು. ಅಷ್ಟೂ ದಿನ ನಮ್ಮ ಸರದಿ ಒಂದಂಕಿಯೂ ಕದಲಲಿಲ್ಲ. ಹೋದ ಒಂಬತ್ತು ಯಾರ ಮನೆ ಸೇರಿದವು? ನನಗೆ ಗೊತ್ತಿಲ್ಲ. ಸೀಟ್ ಕವರು, ವಿಮೆ, ಪಾಲಿಶ್ ಇತ್ಯಾದಿಗಳ ದೊಡ್ಡ ಪ್ಯಾಕೇಜಿಗೆ ತಲೆಯಾಡಿಸಿದವರಿಗೆ ಹೋದವು ಎಂದು ಕೆಲವರು ಹೇಳುತ್ತಾರೆ, ಬೇಕಾದವರಿಗೆ ಹೋದವು ಎಂದು ಕೆಲವರು. ನೋಂದಣಿಯ ಪುಸ್ತಕ ಇರುವುದು ನಿಮ್ಮ ಕಪಾಟಿನಲ್ಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಆಗಸ್ಟ್ ಹನ್ನೆರಡರಂದು ನಿಮಗೆ ಮೊದಲ ದೂರು ಬರೆದೆ. ಉತ್ತರ ಬಂತು: “ತಾವು ಉಲ್ಲೇಖಿಸಿರುವ ವಾಹನವು ಸದರಿ ಮಾರಾಟಗಾರರ ಬಳಿ ಸಾಕಷ್ಟು ದಾಸ್ತಾನು ಇರುವುದು ಕಂಡುಬಂದಿರುವುದರಿಂದ, ಕೊರತೆಯ ಕುರಿತಾದ ದೂರನ್ನು ಮುಕ್ತಾಯಗೊಳಿಸಲಾಗಿದೆ.” ನಿಮ್ಮ ನಮೂನೆಯನ್ನು ತರಿಸಿ ನೋಡಿದೆ. ಅದರಲ್ಲಿ ಕಾರಿನ ಹೆಸರಿಗೊಂದು ಕಾಲಂ ಇದೆ, ಬಣ್ಣಕ್ಕೊಂದು ಕಾಲಂ ಇದೆ, ಯಾವ ಮಾಡೆಲ್, ಯಾವ ಎಂಜಿನ್ ಎಂಬುದಕ್ಕೆ ಕಾಲಂ ಇಲ್ಲ. ನಲವತ್ತು ತಗಡಿನ ನೆತ್ತಿಗಳನ್ನು ಎಣಿಸಿ ನೀವು ‘ಇದೆ’ ಅಂದಿರಿ. ಶೋರೂಮಿನವರು ‘ಇಲ್ಲ’ ಅನ್ನುತ್ತಿದ್ದಾರೆ. ಕಾಗದದ ಮೇಲೆ ಇಬ್ಬರೂ ಸುಳ್ಳಾಡುತ್ತಿಲ್ಲ, ನೋಡಿ. ಎರಡು ನಿಜಗಳ ನಡುವೆ ಸಿಕ್ಕಿಕೊಂಡವನ ಪಾಡು, ಒಂದು ಸುಳ್ಳಿಗೆ ಸಿಕ್ಕಿಕೊಂಡವನ ಪಾಡಿಗಿಂತ ಕಷ್ಟ.

ಸೆಪ್ಟೆಂಬರ್ ಎಂಟರಂದು ಎರಡನೆಯ ದೂರು ಬರೆದೆ. ಕಾಲುಸೇತುವೆ, ಗಾಜಿನ ನೆತ್ತಿ, ಬೆಳಿಗ್ಗೆ ಏಳು ಗಂಟೆ, ನಾಲ್ಕಂಕಿಯ ನಂಬರುಗಳು, ಎಲ್ಲ ವಿವರವಾಗಿ ಬರೆದು ಖುದ್ದಾಗಿ ನಿಮ್ಮ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡೆ. ಸೆಪ್ಟೆಂಬರ್ ಹತ್ತರ ಬೆಳಿಗ್ಗೆ ಸೇತುವೆ ಹತ್ತಿ ನೋಡಿದರೆ ಹನ್ನೊಂದು ಕಾರಿಗೂ ಬೂದುಬಣ್ಣದ ಮುಸುಕು. ಪಕ್ಕದ ನಲವತ್ತು ಬೇಸ್ ಮಾಡೆಲ್ಲುಗಳು ಬರಿಮೈಯಲ್ಲಿ ನಿಂತಿದ್ದವು. ಕೆಳಗಿಳಿದು ಬೇಲಿಯಾಚೆಯಿಂದ ವಾಚ್‌ಮನ್‌ನನ್ನು ಮಾತಾಡಿಸಿದೆ.

“ಏನಪ್ಪ, ಕಾರಿಗೆ ಶೀತವಾ? ಹೊದಿಸಿಬಿಟ್ಟಿದೀರ?”

“ಧೂಳು ಬೀಳುತ್ತೆ ಅಂತ, ಯಜಮಾನ್ರೇ.”

“ಆ ಕಡೆ ಇರೋ ಬೇಸ್ ಮಾಡೆಲ್ ಮೇಲೆ ಬೀಳಲ್ವಾ?”

“ಅವಕ್ಕೆ ಅಭ್ಯಾಸ ಆಗಿರುತ್ತೆ ಬಿಡಿ, ನಮ್ಮ ಹಾಗೆ.”

ಮಾನ್ಯರೇ, ನಾನು ಸೇತುವೆಯ ಮೇಲಿನಿಂದ ನೋಡುತ್ತೇನೆಂಬ ವಿಷಯ ಜಗತ್ತಿನಲ್ಲಿ ಯಾರಿಗೆ ಗೊತ್ತಿತ್ತು? ನನಗೆ, ಹೆಂಡತಿಗೆ, ಮಗಳಿಗೆ, ನಿಮ್ಮ ಕಚೇರಿಗೆ, ಆ ಕಾಗದದ ನಕಲು ಮಾಡಿಕೊಟ್ಟ ಹದಿನೈದನೆಯ ನಂಬರಿನವರಿಗೆ. ಒಂದು ಇಡೀ ದಿನ ನಾನು ಆ ಹೆಣ್ಣುಮಗಳ ಮೇಲೇ ಅನುಮಾನಪಟ್ಟೆ. ಅಂಗಡಿಗೆ ಹೋಗಿ ಸುತ್ತಿಬಳಸಿ ಕೇಳಿದೆ. ಅವರು ಒಂದೇ ಏಟಿಗೆ ಹಿಡಿದರು: “ನಾನು ಹೇಳಿದೆನಾ ಅಂತ ತಾನೇ ಅಂಕಲ್? ಹೇಳಿದ್ದಿದ್ರೆ ನನ್ನ ಕಾರು ಇಷ್ಟೊತ್ತಿಗೆ ಬಂದಿರ್ತಿತ್ತು.” ಅದಾದ ಮೇಲೆ ಅನುಮಾನಕ್ಕೆ ಉಳಿದ ವಿಳಾಸ ಒಂದೇ, ಈ ಪತ್ರದ ಮೇಲಿರುವುದು.

ಸೆಪ್ಟೆಂಬರ್ ಕೊನೆಯಲ್ಲಿ ನಿಮ್ಮ ಎರಡನೆಯ ಉತ್ತರ ಬಂತು. ಆ ವಾಹನಗಳು ‘ಪೂರ್ವ ಪರಿಶೀಲನೆಯ ಹಂತದಲ್ಲಿ’ ಇವೆಯಂತೆ. ನಿಯಮದ ಪ್ರಕಾರ ಪರಿಶೀಲನೆಯಲ್ಲಿರುವ ವಾಹನ ‘ದಾಸ್ತಾನು ಎಂಬ ವ್ಯಾಖ್ಯೆಗೆ ಒಳಪಡುವುದಿಲ್ಲ’ವಂತೆ. ಪರಿಶೀಲನೆಗೆ ಎಷ್ಟು ದಿನ ಎಂದು ನಿಯಮದಲ್ಲಿ ಹುಡುಕಿದೆ. ಬರೆದಿಲ್ಲ. ಬರೆಯುವುದು ಮರೆತುಹೋಯಿತೇ, ಮರೆಯುವುದು ನೆನಪಿತ್ತೇ?

ಆ ಉತ್ತರ ಓದಿದ ಸಂಜೆ ನನಗೆ ಊಟ ಸೇರಲಿಲ್ಲ. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಈ ವಿದ್ಯೆಯನ್ನು ನಾನು ಬಲ್ಲೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನೇ ಮಾಡಿದ್ದೇನೆ. ಕೆಟ್ಟುಹೋದ ವ್ಯಾಗನ್ನಿನ ಮೈಮೇಲೆ ಸೀಮೆಸುಣ್ಣದಲ್ಲಿ ‘ಸಿಕ್’, ಅಂದರೆ ಕಾಯಿಲೆ, ಎಂದು ಬರೆದರೆ ಅದು ರಿಪೇರಿಗೆ ನಿಂತಿದೆ ಎಂದು ಅರ್ಥ, ಅದನ್ನು ಖಾಲಿ ವ್ಯಾಗನ್ನುಗಳ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಯಾರ್ಡ್ ಮಾಸ್ಟರು ಬಂದು, “ಆ ಆರಕ್ಕೂ ಸಿಕ್ ಬರಿಯಯ್ಯಾ” ಅಂದರು. “ಚೆನ್ನಾಗಿವೆಯಲ್ಲ ಸಾರ್?” ಅಂದೆ. “ಡಾಕ್ಟರು ನೀನಾ ನಾನಾ?” ಅಂದರು. ಬರೆದೆ. ಆರು ಗಟ್ಟಿಮುಟ್ಟಾದ ವ್ಯಾಗನ್ನುಗಳು ಎಂಟು ದಿನ ಕಾಯಿಲೆ ಬಿದ್ದವು, ಯಾರಿಗೆ ಬೇಕಿತ್ತೋ ಅವರ ಸರಕು ಬಂದ ದಿನ ಒಂದೇ ಗಂಟೆಯಲ್ಲಿ ವಾಸಿಯಾದವು. ಆ ಎಂಟು ದಿನವೂ ಆಲೂಗಡ್ಡೆ ವ್ಯಾಪಾರಿಯೊಬ್ಬ ದಿನಾ ಬಂದು, “ವ್ಯಾಗನ್ ಬಂತಾ ಸ್ವಾಮಿ?” ಎಂದು ನನ್ನನ್ನೇ ಕೇಳುತ್ತಿದ್ದ. ಕೈಯಲ್ಲಿ ಸೀಮೆಸುಣ್ಣದ ಪುಡಿ ಇಟ್ಟುಕೊಂಡು “ಇಲ್ಲ” ಅನ್ನುತ್ತಿದ್ದೆ. ಅವನ ಮೂಟೆಗಳು ಶೆಡ್ಡಿನಲ್ಲಿ ಮೊಳಕೆ ಬಂದವು, ಆಮೇಲೆ ಕೊಳೆತವು. ಆದ್ದರಿಂದ ‘ಪೂರ್ವ ಪರಿಶೀಲನೆ’ ಎಂಬ ಪದ ನನಗೆ ಹೊಸದಲ್ಲ. ಅದರ ಹಿಂದಿರುವ ಬೆರಳನ್ನು ನಾನು ಗುರುತಿಸಬಲ್ಲೆ, ಅಂಥದೊಂದು ನನ್ನ ಕೈಯಲ್ಲೂ ಇದೆ.

ಇನ್ನು ಹನ್ನೊಂದನೆಯ ಕಾರಿನ ವಿಷಯಕ್ಕೆ ಬರುತ್ತೇನೆ.

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ಸೇತುವೆಯ ಮೇಲಿನಿಂದ ನೋಡಿದಾಗ ಮೂರನೆಯ ಸಾಲಿನ ಎರಡನೆಯ ಕಾರಿನ ಮುಸುಕು ತೆಗೆದು ನೀರು ಹಾಕಿ ತೊಳೆಯುತ್ತಿದ್ದರು. ಮುಂಗಾಜಿನ ಮೇಲೆ 4471. ಜುಲೈ ಇಪ್ಪತ್ತೆಂಟರ ನನ್ನ ಪುಸ್ತಕದ ಮೊದಲ ಸಾಲೇ 4471. ಅದೇ ದಿನ ಹನ್ನೊಂದು ಗಂಟೆಗೆ ಮ್ಯಾನೇಜರರ ಫೋನ್ ಬಂತು.

“ಸಾರ್, ನಿಮ್ಮ ಅದೃಷ್ಟ. ನಿನ್ನೆ ತಾನೇ ಫ್ಯಾಕ್ಟರಿಯಿಂದ ಒಂದು ಪೀಸ್ ಬಂದಿದೆ. ಮಗಳಿಗೆ ಅಂತ ಹೇಳಿದ್ರಲ್ಲ, ನಮಗೂ ಮನಸ್ಸು ತಡೀಲಿಲ್ಲ.”

“ನನಗಿಂತ ಮುಂದೆ ಹದಿನೈದು ಜನ ಇದ್ದಾರಲ್ಲ?”

“ಅದನ್ನ ನಾವು ನೋಡ್ಕೋತೀವಿ ಸಾರ್. ಒಂದು ಸಣ್ಣ ಲೆಟರ್ ಇದೆ. ದೂರು ವಾಪಸ್, ಸೇವೆ ತೃಪ್ತಿಕರ ಅಂತ. ಸೈನ್ ಮಾಡಿದ್ರಾಯ್ತು.”

“ಬೇಡ” ಎಂದು ಫೋನ್ ಇಟ್ಟೆ. ಎದೆಯುಬ್ಬಿಸಿ ಅಡುಗೆಮನೆಗೆ ಹೋಗಿ ಹೇಳಿದೆ. ಹೆಂಡತಿ ಒಲೆ ಆರಿಸಿ ನನ್ನನ್ನೇ ನೋಡಿದಳು. “ಯಾರನ್ನ ಕೇಳಿ ಬೇಡ ಅಂದ್ರಿ?” ಅಂದಳು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮೂವತ್ತೊಂದಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು.

ಸಂಜೆ ಮಗಳು ಬಂದಳು, ಕೇಳಿಸಿಕೊಂಡಳು, ಬೂಟು ಬಿಚ್ಚುತ್ತ ಕೂತಳು.

“ನಿನ್ನ ಪ್ರಾಮಾಣಿಕತೆ ನನ್ನ ಕಾಲ ಮೇಲೆ ನಿಂತಿದೆಯಲ್ಲಪ್ಪಾ” ಅಂದಳು.

ಇನ್ನೊಂದು ಬೂಟನ್ನೂ ಬಿಚ್ಚಿಟ್ಟು, “ನಂಬರು ಯಾವುದಂದೆ?” ಎಂದು ಕೇಳಿದಳು. ಹೇಳಿದೆ. “ಜುಲೈಯಿಂದ ನಿಂತಿರೋದನ್ನ ನಿನ್ನೆ ಬಂತು ಅಂತ ಕಾಗದದಲ್ಲಿ ಬರೆದು ಕೊಡ್ತಾರಾ?” “ಕೊಡಲೇಬೇಕು, ಡೆಲಿವರಿ ಪತ್ರದಲ್ಲಿ ಬಂದ ತಾರೀಖು ಇರುತ್ತೆ.” “ಮತ್ತೆ ತಗೊಳ್ಳಪ್ಪಾ. ಕಾಗದ ಕೈಗೆ ಬಂದಮೇಲೆ ಬರಿ. ಕಿತ್ಕೊಂಡ್ರೆ ಕಿತ್ಕೊಳ್ಳಲಿ, ಆಗ ನೋಡೋಣ. ಅಲ್ಲೀವರೆಗೆ ನಾನು ಗುಡ್ಡಕ್ಕೆ ಹೋಗ್ತಿರ್ತೀನಿ.”

ಮಾರನೆಯ ದಿನ ಹೋಗಿ ಸಹಿ ಹಾಕಿದೆ. ‘ಸೇವೆ ತೃಪ್ತಿಕರ’ ಎಂಬುದರ ಕೆಳಗೆ ನನ್ನ ಸಹಿ ಇದೆ, ಗುಂಡಗೆ, ಸ್ಪಷ್ಟವಾಗಿ. ಡೆಲಿವರಿ ಪತ್ರದಲ್ಲಿ ಕಾರು ಬಂದ ತಾರೀಖು ಅಕ್ಟೋಬರ್ ಎಂಟು, ಚಾಸಿ ನಂಬರಿನ ಕೊನೆಯ ನಾಲ್ಕಂಕಿ 4471. ನನ್ನ ಪುಸ್ತಕದಲ್ಲಿ ಅದಕ್ಕೆ ಆ ತಾರೀಖಿಗೆ ಎಪ್ಪತ್ತಮೂರು ದಿನ ವಯಸ್ಸು. ಹೊರಗೆ ಬಂದಾಗ ಎದುರಿನ ಅಂಗಡಿಯಿಂದ ಹದಿನೈದನೆಯವರು ಕೈಬೀಸಿದರು. “ಏನಂಕಲ್, ಏನಾದ್ರೂ ಸುದ್ದಿ?” ಅಂದರು. “ಅದೇ ಹಳೇದು” ಅಂದೆ. ಆ ಎರಡೂ ಕಾಗದಗಳ ನಕಲು ಮಾಡಿಸಲು ಬಸ್ಸು ಹತ್ತಿ ಊರಿನ ಆ ತುದಿಯ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿಯವನು ಓದದೆ ನಕಲು ಮಾಡಿಕೊಟ್ಟ. ಓದುವವರ ಬೆಲೆ ಅವತ್ತು ತಿಳಿಯಿತು.

ಹೀಗಾಗಿ, ಮಾನ್ಯರೇ, ಈ ಪತ್ರ ಬರೆಯುತ್ತಿರುವವನು ಸರದಿ ಮುರಿದವನು. ಆ ಕಾರು ಈಗ ನನ್ನ ಹೆಸರಿನಲ್ಲಿದೆ. ಮಗಳು ದಿನವೂ ಮೂರನೆಯ ತಿರುವನ್ನು ಕಲ್ಲಿನ ಸಹಾಯವಿಲ್ಲದೆ ಹತ್ತುತ್ತಿದ್ದಾಳೆ. “ಲಂಚ ತಿಂದವನೇ ಲಂಚದ ಬಗ್ಗೆ ಬರೆಯುತ್ತಾನೆ” ಎಂದು ನಿಮ್ಮ ಉತ್ತರ ಶುರುವಾಗಬಹುದು. ಶುರುಮಾಡಿ. ಅಪರಾಧಿಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರಲಿ, ಪಟ್ಟಿ ಮಾತ್ರ ಅಲ್ಲಿಗೇ ನಿಲ್ಲದಿರಲಿ. ಕಾರನ್ನು ಹಿಂದಕ್ಕೆ ಪಡೆಯಬೇಕೆಂದು ಕಾನೂನು ಹೇಳಿದರೆ ತಾನೇ ಓಡಿಸಿಕೊಂಡು ಬಂದು ಒಪ್ಪಿಸುವುದಾಗಿ ಮಗಳು ಬರೆಯಲು ಹೇಳಿದ್ದಾಳೆ. ಮಂಗಳವಾರ ಮಾತ್ರ ಬೇಡವಂತೆ, ಹದಿಮೂರನೆಯ ಊರಿನಲ್ಲಿ ಅಂದು ಒಂದು ಎಮ್ಮೆ ಈಯುವ ಅಂದಾಜಿದೆ.

ಇಷ್ಟು ಬರೆದು ನಿನ್ನೆ ಧೈರ್ಯ ಮಾಡಿ ಹದಿನೈದನೆಯವರ ಅಂಗಡಿಗೇ ನಕಲಿಗೆ ಕೊಟ್ಟೆ. ಅವರು ಮೆಷಿನ್ನಿನ ಮುಚ್ಚಳ ಎತ್ತಿ ಹಿಡಿದುಕೊಂಡೇ ಮೊದಲಿನಿಂದ ಕೊನೆಯವರೆಗೆ ಓದಿದರು. ಮೂರು ಗಿರಾಕಿಗಳು ಬಂದು ಕಾದು ಹೋದರು. ಬೈಯುತ್ತಾರೆಂದು ನಾನು ನೆಲ ನೋಡುತ್ತ ನಿಂತಿದ್ದೆ.

“ಕಾರು ಚೆನ್ನಾಗಿದೆಯಾ?” ಎಂದು ಕೇಳಿದರು.

“ಚೆನ್ನಾಗಿದೆಯಮ್ಮ.”

“ಅವತ್ತೇ ಗೊತ್ತಾಯ್ತು ನನಗೆ. ಹಳೇ ಸುದ್ದಿ ಇರೋವರು ಅಷ್ಟು ಬೇಗ ರಸ್ತೆ ದಾಟಲ್ಲ.” ಹಾಳೆಗಳನ್ನು ಮತ್ತೆ ತಿರುವಿದರು. “ಇದರಲ್ಲೊಂದು ತಪ್ಪಿದೆ ಅಂಕಲ್. ಪೂರ್ತಿ ಕಾಗದದಲ್ಲಿ ಹದಿನೈದು ಹದಿನೈದು ಅಂತ ನನ್ನೊಬ್ಬಳನ್ನೇ ಬರೆದಿದೀರ. ನನ್ನ ಮುಖ ಪರಿಚಯ ಇದೆ, ಅದಕ್ಕೆ ನಾಚಿಕೆ. ನನಗಿಂತ ಮುಂದಿರೋ ಹದಿನಾಲ್ಕು ಜನ ಯಾರು? ಅವರಲ್ಲಿ ಯಾರ ಕಾಲು ಮುರಿದಿದೆ, ಯಾರದಿಲ್ಲ, ನಿಮಗೇನು ಗೊತ್ತು?”

ಗೊತ್ತಿರಲಿಲ್ಲ. ಯಾರ್ಡಿನ ಪ್ರತಿ ಕಾರಿನ ನಂಬರು ಬರೆದುಕೊಂಡವನು ಆ ಹದಿನಾಲ್ಕು ಮನುಷ್ಯರಲ್ಲಿ ಒಬ್ಬರನ್ನೂ ವಿಚಾರಿಸಿರಲಿಲ್ಲ.

ಅವರು ಒಂದು ದೊಡ್ಡ ಹಾಳೆ ತೆಗೆದು, ಒಂದರಿಂದ ಹದಿನಾರರವರೆಗೆ ಗೆರೆ ಎಳೆದು, ‘ಟಾಪ್ ಮಾಡೆಲ್ ಬುಕ್ ಮಾಡಿದವರು ನಂಬರು, ತಾರೀಖು ಬರೆಯಿರಿ’ ಎಂದು ತಲೆಬರಹ ಕೊಟ್ಟು ಅಂಗಡಿಯ ಬಾಗಿಲಿಗೆ ಅಂಟಿಸಿದರು. ಇವತ್ತು ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಗೆರೆ ತುಂಬಿವೆ. ಎರಡನೆಯ ಗೆರೆಯವರು ಬುಕ್ ಮಾಡಿ ಹದಿಮೂರು ತಿಂಗಳಾಗಿದೆ. ಏಳನೆಯವರ ಗೆರೆಯಲ್ಲೇ ಬೇರೆ ಇಬ್ಬರೂ ತಮ್ಮ ನಂಬರು ‘ಏಳು’ ಎಂದು ಬರೆದಿದ್ದಾರೆ. ಒಂದೇ ನಂಬರನ್ನು ಮೂವರಿಗೆ ಕೊಟ್ಟಿದ್ದಾರೆ. ಇದು ನನ್ನ ಪುಸ್ತಕಕ್ಕೂ ಸಿಕ್ಕದಿದ್ದ ಸಂಗತಿ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ನಮೂನೆಗೆ ಮಾಡೆಲ್ ಮತ್ತು ಎಂಜಿನ್ನಿನ ಕಾಲಂ ಸೇರಿಸಿ. ಪರಿಶೀಲನೆಗೆ ದಿನದ ಮಿತಿ ಹಾಕಿ, 4471ಕ್ಕೆ ಎಪ್ಪತ್ತಮೂರು ದಿನ ಏನು ಪರಿಶೀಲನೆ ನಡೆಯಿತೆಂದು ಬರೆದು ತಿಳಿಸಿ. ಹೊರಹೋದ ಒಂಬತ್ತು ಕಾರುಗಳ ನೋಂದಣಿಯನ್ನು ಬಹಿರಂಗಪಡಿಸಿ. ಉಳಿದ ಹತ್ತರ ಮುಸುಕು ತೆಗೆಸಿ, ಶೋರೂಮಿನ ಬಾಗಿಲಿಗೆ ಸರದಿಯ ಪಟ್ಟಿ ಹಚ್ಚಿಸಿ, ಮೊದಲ ಹತ್ತು ಜನಕ್ಕೆ ಕೊಡಿಸಿ. ಇದನ್ನು ಕಾಗದದಲ್ಲಿ ಕೇಳಿ ಸಾಕಾಗಿರುವುದರಿಂದ ಬರುವ ಸೋಮವಾರ ಹನ್ನೊಂದು ಗಂಟೆಗೆ ಖುದ್ದಾಗಿ ಕೇಳಲು ಬರುತ್ತಿದ್ದೇವೆ. ಬುಕ್ ಮಾಡಿದ ತಾರೀಖಿನ ಪ್ರಕಾರ, ಒಬ್ಬರ ಹಿಂದೆ ಒಬ್ಬರು ನಿಮ್ಮ ಬಾಗಿಲಲ್ಲಿ ನಿಲ್ಲುತ್ತೇವೆ. ನಿಮಗೆ ಎಣಿಸಲು ಕಷ್ಟವಾಗುವುದಿಲ್ಲ. ಯಾರ ಮೇಲೂ ಮುಸುಕು ಇರುವುದಿಲ್ಲ.

‘ವಿಶ್ವಾಸಿ’ ಎಂದು ಬರೆಯಲು ಕೈ ಬಾರದ್ದರಿಂದ ಇಷ್ಟೇ ಬರೆಯುತ್ತೇನೆ.

ಇಂತಿ,
ಕಾರು ಸಿಕ್ಕಿದ ಮೇಲೂ ಸೋಮವಾರದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು